ಬೀಜ ಹಾಕುವ ಮೊದಲು ಮಣ್ಣು ನೋಡೋಣ



ಮುಂಗಾರು ಹತ್ತಿರ ಬಂತು. ಹಿತ್ತಲಲ್ಲಿ ಬದನೆ, ಬೆಂಡೆ, ಮೆಣಸಿನ ಗಿಡ ಹಾಕಬೇಕು ಅಂತ ನಾವೆಲ್ಲ ಮಾತಾಡ್ತಾ ಇದ್ದೀವಿ. ಬೀಜ ಕೊಳ್ಳುವಾಗ ನಾವು ಹತ್ತು ಸಲ ನೋಡ್ತೀವಿ. ಹುಳ ಹಿಡಿದಿದೆಯಾ, ಹಳೆಯದಾ ಅಂತ ಕೇಳ್ತೀವಿ. ಮಣ್ಣನ್ನು ಮಾತ್ರ ಕೇಳೋದಿಲ್ಲ. ಗಿಡ ಒಣಗಿದರೆ "ಇವಳ ಕೈಗುಣ ಸರಿಯಿಲ್ಲ" ಅಂತ ಮನೆಯವರು ಅಂತಾರೆ. ನಾವೂ ಅದನ್ನು ನಂಬ್ತೀವಿ. ಕೈಗುಣದ ಮಾತು ಬಿಡಿ. ಎಷ್ಟೋ ಸಲ ತೊಂದರೆ ಮಣ್ಣಿನಲ್ಲೇ ಇರ್ತದೆ.

ಮೊದಲು ಮನೆಯಲ್ಲೇ ನೋಡೋಣ. ಇದಕ್ಕೆ ಕಾಸು ಬೇಡ.

ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಉಂಡೆ ಕಟ್ಟಿ. ಉಂಡೆ ನಿಲ್ಲದೆ ಉದುರಿದರೆ ಅದು ಮರಳು ಮಣ್ಣು. ನೀರು ಬೇಗ ಇಳಿದುಹೋಗ್ತದೆ. ಚಕ್ಕುಲಿ ಹಿಟ್ಟಿನ ಹಾಗೆ ಉದ್ದಕ್ಕೆ ಹೊಸೆಯಲು ಬಂದರೆ ಅದು ಜೇಡಿ ಮಣ್ಣು. ನೀರು ಬೇಗ ಇಳಿಯೋದಿಲ್ಲ. ಎರಡಕ್ಕೂ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಒಳ್ಳೆಯದು.

ಆಮೇಲೆ ಒಂದು ಅಡಿ ಆಳದ ಗುಂಡಿ ತೆಗೆದು, ಸಂಜೆ ನೀರು ತುಂಬಿ. ಬೆಳಿಗ್ಗೆಯೂ ನೀರು ಹಾಗೇ ನಿಂತಿದ್ದರೆ ಬೇರು ಕೊಳೀತದೆ. ಅಲ್ಲಿ ಮಣ್ಣು ಏರಿಸಿ ಮಡಿ ಮಾಡಿ.

ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಏಳ್ತದೆಯೇ? ಅದು ಚೌಳು ಇರಬಹುದು. ಹಿಂದಿನವರು ಈ ಮಣ್ಣಿನಿಂದ ಬಟ್ಟೆ ಒಗೀತಿದ್ದರು. ಬಟ್ಟೆಗೆ ಆಗ್ತದೆ, ಬದನೆಗೆ ಆಗೋದಿಲ್ಲ! ಹೆಚ್ಚು ನೀರು ಹಾಯಿಸುವ ಕಾಲುವೆ ಬಯಲಿನಲ್ಲಿ ಚೌಳು ಹೆಚ್ಚು. ಮಲೆನಾಡಿನಲ್ಲಿ ಬೇರೆ ಕಥೆ. ಅಲ್ಲಿ ಜೋರು ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಬಿಡ್ತದೆ, ಮಣ್ಣು ಹುಳಿಯಾಗ್ತದೆ.

ಹುಳಿ ಎಷ್ಟು, ಉಪ್ಪು ಎಷ್ಟು ಅಂತ ಕಣ್ಣಿಗೆ ಕಾಣೋದಿಲ್ಲ. ಅದಕ್ಕೆ ಮಣ್ಣು ಪರೀಕ್ಷೆ ಬೇಕು. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಎಲ್ಲಿ ಕೊಡಬೇಕು ಅಂತ ಹೇಳ್ತಾರೆ.

ಮಣ್ಣು ತೆಗೆಯುವುದರಲ್ಲೇ ಇರೋದು ಎಲ್ಲ. ತಿಪ್ಪೆಯ ಹತ್ತಿರ, ಬೂದಿ ಚೆಲ್ಲುವ ಕಡೆ, ಬಚ್ಚಲು ನೀರು ಹರಿಯುವ ಕಡೆ, ಮರದ ಬುಡದಲ್ಲಿ ತೆಗೀಬೇಡಿ. ಗೋಡೆಯ ಪಕ್ಕದಲ್ಲೂ ಬೇಡ. ಅಲ್ಲಿ ಸುಣ್ಣ, ಸಿಮೆಂಟು ಬಿದ್ದಿರ್ತದೆ. ಗೊಬ್ಬರ ಹಾಕುವ ಮೊದಲೇ ತೆಗೀರಿ.

ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಆರು ಇಂಚು ಆಳ ಅಗೀರಿ. ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೂ ಮಣ್ಣು ಕೆರೆದು ತೆಗೀರಿ. ಎಲ್ಲವನ್ನೂ ಕಲಸಿ, ರೊಟ್ಟಿಯಂತೆ ಹರಡಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಬಿಡಿ. ಉಳಿದದ್ದನ್ನು ಮತ್ತೆ ಕಲಸಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿ. ಗೊಬ್ಬರದ ಹಳೇ ಚೀಲ ಬೇಡವೇ ಬೇಡ. ಅದರಲ್ಲಿ ಉಳಿದ ಗೊಬ್ಬರ ಲೆಕ್ಕ ಕೆಡಿಸ್ತದೆ.

ಚೀಟಿ ಬರೆಯಿರಿ. ಹೆಸರು, ಊರು, ತಾರೀಖು, ಏನು ಬೆಳೀತೀರಿ ಅನ್ನೋದು. ಸೀಸದ ಕಡ್ಡಿಯಲ್ಲಿ ಬರೆಯಿರಿ, ಶಾಯಿ ಒದ್ದೆಗೆ ಹರಡ್ತದೆ. ಹಿತ್ತಲು ನೋಡಿಕೊಳ್ಳೋರು ನೀವು. ಚೀಟಿಯ ಮೇಲೂ ನಿಮ್ಮ ಹೆಸರೇ ಇರಲಿ.

2015ರಲ್ಲಿ ಸರ್ಕಾರ ಮಣ್ಣು ಆರೋಗ್ಯ ಚೀಟಿ ತಂದಿತು. ಅದರಲ್ಲಿ 12 ಅಂಶಗಳಿರ್ತವೆ. ಮೊದಲು "ರಸಸಾರ" ಅನ್ನುವ ಸಾಲು ಹುಡುಕಿ. 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. 6.5ರಿಂದ 7.5 ಇದ್ದರೆ ಹೆಚ್ಚಿನ ತರಕಾರಿಗೆ ಒಗ್ತದೆ. ತೀರಾ ಕಡಿಮೆ ಇದ್ದರೆ ಸುಣ್ಣ ಹಾಕಲು ಹೇಳ್ತಾರೆ. ಕ್ಷಾರ ಬಹಳ ಇದ್ದರೆ ಜಿಪ್ಸಂ. ಎಷ್ಟು ಸೇರು ಅಂತ ಅವರಿಂದಲೇ ಬರೆಸಿಕೊಳ್ಳಿ. ಪಕ್ಕದ ಮನೆಯವರು ಹಾಕಿದರು ಅಂತ ನೀವೂ ಸುಣ್ಣ ಸುರೀಬೇಡಿ. ಅವರ ಹಿತ್ತಲ ಮಣ್ಣು ಬೇರೆ, ನಿಮ್ಮದು ಬೇರೆ.