ವಿದ್ಯುತ್ ಗುತ್ತಿಗೆದಾರರ ಪರವಾನಗಿ ನವೀಕರಣ: ಸದಸ್ಯರು ಗಮನಿಸಬೇಕಾದ ದಿನಾಂಕ

(ಮಲ್ಲಂದೂರಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣದ ಪಠ್ಯ)



ಮುಂಗಾರಿಗೆ ಮೊದಲು ಬೀದಿದೀಪ ಮತ್ತು ಕುಡಿಯುವ ನೀರಿನ ಪಂಪುಗಳ ದುರಸ್ತಿಗೆ ದರಪಟ್ಟಿ ಕರೆಯುವ ವಿಷಯ ಸಭೆಯ ಮುಂದಿದೆ. ಯಾರು ಕಡಿಮೆ ದರ ನಮೂದಿಸಿದ್ದಾರೆ, ಯಾರು ಬೇಗ ಮುಗಿಸಿಕೊಡುತ್ತಾರೆ ಎಂಬಲ್ಲಿಗೆ ನಮ್ಮ ಚರ್ಚೆ ಸಾಮಾನ್ಯವಾಗಿ ಮುಗಿಯುತ್ತದೆ. ದರಪಟ್ಟಿಗೆ ಲಗತ್ತಿಸುವ ಇನ್ನೊಂದು ಹಾಳೆಯ ಕಡೆಗೆ, ಅಂದರೆ ವಿದ್ಯುತ್ ಗುತ್ತಿಗೆದಾರರ ಪರವಾನಗಿಯ ಕಡೆಗೆ, ಇಂದು ತಮ್ಮ ಗಮನ ಸೆಳೆಯಬಯಸುತ್ತೇನೆ.

ಈ ಪರವಾನಗಿಯನ್ನು ಮೆಸ್ಕಾಂ ಕೊಡುತ್ತದೆ ಎಂಬ ಭಾವನೆ ಹಲವರಲ್ಲಿದೆ, ಅದು ಸರಿಯಲ್ಲ. ಅದನ್ನು ನೀಡುವುದೂ ನವೀಕರಿಸುವುದೂ ಇಂಧನ ಇಲಾಖೆಯ ಅಧೀನದಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಗೆ ಸೇರಿದ ಕೆಲಸ. ಮೆಸ್ಕಾಂ ವಿದ್ಯುತ್ ಸರಬರಾಜು ಮಾಡುವ ಕಂಪನಿ. ಹೊಸ ಸಂಪರ್ಕ ಕೊಡುವ ಮುನ್ನ ಪರವಾನಗಿ ಹೊಂದಿದ ಗುತ್ತಿಗೆದಾರರ ಸಹಿಯುಳ್ಳ ಕಾಮಗಾರಿ ಪೂರ್ಣತಾ ವರದಿಯನ್ನು ಅದೂ ಕೇಳುತ್ತದೆ.

ವಿದ್ಯುತ್ ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿಯುಳ್ಳ ಗುತ್ತಿಗೆದಾರರು, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಹೊಂದಿದ ವೈರ್‌ಮನ್‌ಗಳಿಂದ ಮಾಡಿಸಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ವಿಧಿ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ವಿನಿಯಮಗಳಲ್ಲಿಯೂ ಮುಂದುವರಿಯಿತು. ಆದ್ದರಿಂದ ನಾವು ನೋಡಬೇಕಾದ ದಾಖಲೆಗಳು ಮೂರು. 250 ವೋಲ್ಟ್ ಮೀರದ ಬಲ್ಬು, ಫ್ಯಾನು, ಸ್ವಿಚ್ಚುಗಳ ಬದಲಾವಣೆಗೆ ವಿನಾಯಿತಿ ಇತ್ತೆಂಬುದು ನಿಜ. ಆದರೆ ಆ ವಿನಾಯಿತಿಯನ್ನು ಕಂಬದ ಮೇಲಿನ ದೀಪದವರೆಗೆ ಎಳೆಯುವುದು ನನಗೆ ಒಪ್ಪಿತವಲ್ಲ. ಅನೇಕ ಕಡೆ ಅದೇ ಕಂಬದಲ್ಲಿ ಮೂರು ಫೇಸಿನ ತಂತಿಗಳೂ ಹಾದುಹೋಗುತ್ತವೆ. ದೀಪ ಕೆಟ್ಟಿತೆಂದು ದೂರು ಬಂದ ಕೂಡಲೇ ನೀರುಗಂಟಿಯನ್ನು ಏಣಿ ಹತ್ತಿಸುವ ರೂಢಿ ಯಾವ ಊರಿನಲ್ಲಿದ್ದರೂ ನಿಲ್ಲಬೇಕು. ಅವನ ಕೈಯಲ್ಲಿ ಪರ್ಮಿಟ್ ಇರುವುದಿಲ್ಲ. ಲೈನ್ ಕ್ಲಿಯರ್ ಪಡೆಯಬೇಕೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ನವೀಕರಣವೆಂದರೆ ಶುಲ್ಕ ಕಟ್ಟಿ ಮುದ್ರೆ ಹಾಕಿಸಿಕೊಳ್ಳುವುದಷ್ಟೇ ಎಂದು ಕೆಲವರು ಹೇಳುವುದುಂಟು. ಮೇಲ್ವಿಚಾರಕರು ಈಗಲೂ ಆ ಗುತ್ತಿಗೆದಾರರ ಬಳಿಯೇ ಇದ್ದಾರೆಯೇ, ಮೆಗ್ಗರ್ ಮತ್ತು ಅರ್ತ್ ಟೆಸ್ಟರ್‌ಗಳು ಸುಸ್ಥಿತಿಯಲ್ಲಿವೆಯೇ ಎಂಬ ಪ್ರಶ್ನೆಗಳು ಮತ್ತೆ ಏಳುವ ಸಂದರ್ಭ ಅದು. ಈ ಉಪಕರಣಗಳ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. 500 ವೋಲ್ಟ್ ಮೆಗ್ಗರ್‌ನಲ್ಲಿ ಪರೀಕ್ಷಿಸಿದಾಗ ನಿರೋಧನವು ಕನಿಷ್ಠ 1 ಮೆಗಾ ಓಮ್ ಇರಬೇಕು. ಏಪ್ರಿಲ್ ತಿಂಗಳಲ್ಲಿ ಸುಲಭವಾಗಿ ತೇರ್ಗಡೆಯಾದ ಪಂಪ್‌ಹೌಸಿನ ವೈರಿಂಗ್, ಗೋಡೆ ನೆನೆದು ಪಾಚಿ ಹಿಡಿದ ಜುಲೈನಲ್ಲಿ ತೇರ್ಗಡೆಯಾಗುವುದೆಂಬ ಭರವಸೆಯಿಲ್ಲ. ಕಣ್ಣಿಗೆ ಕಾಣದ ಆ ಸೋರಿಕೆಯನ್ನು ಉಪಕರಣವೇ ಹೇಳಬೇಕು.

ಇನ್ನು ದಿನಾಂಕದ ವಿಚಾರ. ದರಪಟ್ಟಿ ತೆರೆದ ದಿನ ಚಾಲ್ತಿಯಲ್ಲಿದ್ದ ಪರವಾನಗಿಯ ಅವಧಿ ಕಾಮಗಾರಿಯ ನಡುವೆ ಮುಗಿಯಬಹುದು. ಆಗ ಪೂರ್ಣತಾ ವರದಿಯ ಸಹಿಗೆ ಬೆಲೆ ಇರುವುದಿಲ್ಲ, ಬಿಲ್ಲು ನಿಲ್ಲುತ್ತದೆ, ಮಳೆಗಾಲವಿಡೀ ಊರು ಕತ್ತಲಲ್ಲಿರುತ್ತದೆ. ಅವಘಡ ಸಂಭವಿಸಿದರೆ ಕಾರ್ಯಾದೇಶ ಕೊಟ್ಟ ನಾವೂ ಉತ್ತರಿಸಬೇಕಾಗುತ್ತದೆ. ಅರ್ಜಿ ಸಲ್ಲಿಸಿದ ಸ್ವೀಕೃತಿಯನ್ನೇ ನವೀಕೃತ ಪರವಾನಗಿಯೆಂದು ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟು ಬಿಗಿ ಮಾಡಿದರೆ ಸ್ಥಳೀಯ ಹುಡುಗರಿಗೆ ಕೆಲಸ ತಪ್ಪಿ ಪೇಟೆಯ ಗುತ್ತಿಗೆದಾರರಿಗೆ ಹೋಗುವುದಿಲ್ಲವೇ ಎಂದು ತಾವು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಅದಕ್ಕೆ ನಿಯಮ ಸಡಿಲಿಸುವುದು ಪರಿಹಾರವಲ್ಲ. ನವೀಕರಣಕ್ಕೆ ನೆರವಾಗುವುದು ನಮ್ಮಿಂದ ಸಾಧ್ಯ. ಮಳೆ ಹಿಡಿದರೆ ಇಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಆದಕಾರಣ ಮೇ ತಿಂಗಳೊಳಗೆ ಅರ್ಜಿ ಸಿದ್ಧಪಡಿಸಿಕೊಳ್ಳಲು ಕಚೇರಿಯ ಗಣಕಯಂತ್ರ ಹಾಗೂ ಸ್ಕ್ಯಾನರನ್ನು ಅವರಿಗೆ ಒದಗಿಸಬಹುದು. ತಮ್ಮ ವಾರ್ಡಿನಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಓದಿ ಪರ್ಮಿಟ್ ಇಲ್ಲದೆ ದುಡಿಯುತ್ತಿರುವವರಿದ್ದರೆ ಅವರನ್ನೂ ಕಚೇರಿಗೆ ಕಳುಹಿಸಿಕೊಡಿ.

ಮೂರೂ ದಾಖಲೆಗಳ ಸಂಖ್ಯೆ ಮತ್ತು ಅಂತಿಮ ದಿನಾಂಕಗಳನ್ನು ನಡವಳಿಯಲ್ಲಿ ಬರೆಯುವುದು, ಕಾಮಗಾರಿಯ ಅವಧಿಯೊಳಗೆ ಪರವಾನಗಿ ಮುಗಿಯುವಂತಿದ್ದರೆ ನವೀಕೃತ ಪ್ರತಿ ಬಂದ ಬಳಿಕವೇ ಕಾರ್ಯಾದೇಶ ನೀಡುವುದು, ಬಿಲ್ಲು ಪಾವತಿಗೆ ಮುನ್ನ ಮತ್ತೊಮ್ಮೆ ಪರಿಶೀಲಿಸುವುದು: ಈ ಅಂಶಗಳನ್ನು ದರಪಟ್ಟಿಯ ಷರತ್ತುಗಳಲ್ಲಿ ಸೇರಿಸಲು ಸಭೆಯ ಅನುಮೋದನೆಯನ್ನು ಕೋರುತ್ತೇನೆ.