ಬೇಸಗೆಯ ಸೆಕೆಯೂ ಹೊಲದ ಕೆಲಸವೂ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮಾರ್ಚಿ ತಿಂಗಳಿನದು ಒಣಬಿಸಿಲು; ಬೆವರು ಬೇಗನೆ ಆರಿ ಮೈ ತಂಪಾಗುವುದು. ಅಶ್ವಿನಿ, ಭರಣಿ ಮಳೆಗಳು ಬಿದ್ದ ಬಳಿಕ ಗಾಳಿಯಲ್ಲಿ ತೇವವು ಹೆಚ್ಚಿ, ಬೆವರು ಆರದೆ, ಕಾವು ದೇಹದಲ್ಲಿಯೇ ನಿಲ್ಲುವುದು. ಆದುದರಿಂದ ಬಿಸಿಲು ಕಡಮೆಯೆಂದು ತೋರಿದರೂ ಅಪಾಯವು ಕಡಮೆಯಲ್ಲ. ನಾಲೆಯ ಬಯಲುಗಳಲ್ಲಿ ಈ ಸೆಕೆಯು ಅಧಿಕ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ನಾಟಿಯೂ ಇದೇ ವೇಳೆಗೆ ಒದಗುವುದು.

ಉಳುಮೆ, ನಾಟಿಗಳನ್ನು ಬೆಳಿಗ್ಗೆ 10 ಗಂಟೆಯೊಳಗೂ ಸಂಜೆ 4ರ ಮೇಲೂ ಮಾಡತಕ್ಕದ್ದು. ಬಾಯಾರುವ ಮೊದಲೇ ನೀರನ್ನೂ, ಉಪ್ಪು ಬೆರೆಸಿದ ಮಜ್ಜಿಗೆಯನ್ನೂ, ರಾಗಿಯ ಅಂಬಲಿಯನ್ನೂ ಕುಡಿಯಬೇಕು. ಮಿಶ್ರತಳಿಯ ಹಸುಗಳು ಹಳ್ಳಿಕಾರ್ ದನಗಳಷ್ಟು ಕಾವನ್ನು ತಾಳಲಾರವು. ಅವು ಬಾಯಿ ತೆರೆದು ತೇಗುಸಿರು ಬಿಟ್ಟರೆ ನೆರಳಿನಲ್ಲಿ ಕಟ್ಟಿ, ಮೈಗೆ ನೀರೆರಚಿ, ಗಾಳಿಯಾಡುವಂತೆ ಮಾಡಬೇಕು.

ಕೆಲಸದವನ ಮೈ ಸುಡುತ್ತ ಮಾತು ತಡವರಿಸಿದರೆ ಅದನ್ನು ಪಿತ್ತವೆಂದು ಕಡೆಗಣಿಸಬಾರದು. ನೆರಳಿಗೆ ಸಾಗಿಸಿ, ತಣ್ಣೀರು ಸುರಿದು, ಬೀಸುತ್ತ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು.

ಇಂದು ನಿಂತ ನಾಟಿಯನ್ನು ನಾಳೆ ಮುಗಿಸಬಹುದು. ಹೋದ ಜೀವವು ಮರಳಿ ಬಾರದು.