ಕತ್ತಲ ಕೋಣೆಯ ಪರೀಕ್ಷೆ



ನೇತ್ರವೈದ್ಯರೂ ಆಪ್ಟೋಮೆಟ್ರಿಸ್ಟ್‌ಗಳೂ ಸೇರಿರುವ ಈ ಸಮ್ಮೇಳನದಲ್ಲಿ ಹೊಸ ಲೇಸರ್, ಹೊಸ ಲೆನ್ಸುಗಳ ಬಗ್ಗೆ ಬಲ್ಲವರು ಮಾತಾಡಲಿದ್ದಾರೆ. ನಾನು ಇಆರ್‌ಜಿ, ಅಂದರೆ ಎಲೆಕ್ಟ್ರೋರೆಟಿನೋಗ್ರಾಂ ಪರೀಕ್ಷೆಯ ಪರವಾಗಿ ಮಾತಾಡುತ್ತೇನೆ. ಅದು ಹಳೆಯ ಪರೀಕ್ಷೆ, ತುಂಬ ಹೊತ್ತು ಬೇಡುವ ಪರೀಕ್ಷೆ. ನಾವು ಅದನ್ನು ಮಾಡಿಸುವುದು ತೀರ ಕಡಿಮೆ.

ಬೆಳಕು ಬಿದ್ದಾಗ ಕಣ್ಣಿನ ವಿದ್ಯುತ್ತಿನಲ್ಲಿ ಏರಿಳಿತವಾಗುತ್ತದೆಂದು ಸ್ವೀಡನ್ನಿನ ಹೋಲ್ಮ್‌ಗ್ರೆನ್ 1865ರಲ್ಲಿ ಕಪ್ಪೆಯ ಕಣ್ಣಿನಲ್ಲಿ ಕಂಡರು. ಆ ಅಲೆಯನ್ನು ಬಿಡಿಸಿ, ಅದರ ಘಟಕಗಳನ್ನು 1933ರಲ್ಲಿ ತೋರಿಸಿದವರು ರಾಗ್ನರ್ ಗ್ರಾನಿಟ್. 1967ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಂದಿತು. ರೋಗಿಗಳ ಪರೀಕ್ಷೆಗೆ ಇದನ್ನು ಅಳವಡಿಸಿದ ಗೋಸ್ತಾ ಕಾರ್ಪೆಯವರ ಗ್ರಂಥ ಬಂದದ್ದು 1945ರಲ್ಲಿ.

ನಮ್ಮ ಓಪಿಡಿಗೆ ಬರೋಣ. "ಕತ್ತಲಾದರೆ ಹುಡುಗ ತಡಕಾಡ್ತಾನೆ ಡಾಕ್ಟ್ರೇ" ಎಂದು ತಾಯಿ ಹೇಳುತ್ತಾಳೆ. ಫಂಡಸ್ ನೋಡಿದರೆ ಏನೂ ಕಾಣದು. ವಿಟಮಿನ್ ಎ ಬರೆದು, ಕನ್ನಡಕ ಕೊಟ್ಟು ಕಳಿಸುತ್ತೇವೆ. ಇಲ್ಲವೇ ಇರುಳುಗುರುಡು ಎಂದ ತಕ್ಷಣ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಬರೆದು, ಮುಂದೆ ದೃಷ್ಟಿ ಹೋಗುತ್ತದೆ ಎಂದುಬಿಡುತ್ತೇವೆ. ಎರಡೂ ಅನ್ಯಾಯ.

ಅದೇ ಮಗುವನ್ನು ಇಆರ್‌ಜಿಗೆ ಕಳಿಸಿ. ಪಾಪೆ ಅಗಲವಾಗಲು ಹನಿ ಹಾಕಿ 20 ನಿಮಿಷ ಕತ್ತಲಲ್ಲಿ ಕೂರಿಸುತ್ತಾರೆ. ಮಂದ ಕೆಂಪು ಬೆಳಕಿನಲ್ಲಿ, ಕೂದಲಿಗಿಂತ ತೆಳುವಾದ ಎಳೆಗಳ ಎಲೆಕ್ಟ್ರೋಡನ್ನು ಕೆಳರೆಪ್ಪೆಯ ಅಂಚಿಗೆ ಇಡುತ್ತಾರೆ. ಬಿಳಿ ಗುಮ್ಮಟದೊಳಗೆ ಮುಖವಿಟ್ಟಾಗ ಬೆಳಕು ಮಿಂಚುತ್ತದೆ. ಪರದೆಯ ಮೇಲೆ ಎ ಅಲೆ ಕೆಳಗಿಳಿದು, ಬಿ ಅಲೆ ಮೇಲೇಳುತ್ತದೆ. ಎಲ್ಲ ಸೇರಿ ಕೆಲವು ನೂರು ಮೈಕ್ರೋವೋಲ್ಟ್, ಅಷ್ಟೇ.

ಪಿಗ್ಮೆಂಟೋಸಾ ಇದ್ದರೆ ಫಂಡಸ್‌ನಲ್ಲಿ ಕಪ್ಪು ಕಲೆ ಮೂಡುವ ಮೊದಲೇ ಈ ಎರಡೂ ಅಲೆಗಳು ಕುಗ್ಗಿರುತ್ತವೆ. ಹುಟ್ಟಿನಿಂದ ಬಂದ ಸ್ಥಿರ ಇರುಳುಗುರುಡಾದರೆ ಸಾಮಾನ್ಯವಾಗಿ ಪ್ರಬಲ ಮಿಂಚಿಗೆ ಎ ಅಲೆ ಸರಿಯಾಗಿಯೇ ಇಳಿಯುತ್ತದೆ, ಬಿ ಅಲೆ ಮಾತ್ರ ಎ ಅಲೆಯಷ್ಟೂ ಏಳುವುದಿಲ್ಲ. ಬೆಳಕು ಹಿಡಿಯುವ ಕೋಶಗಳು ಕೆಲಸ ಮಾಡುತ್ತಿವೆ. ಮುಂದಿನ ಕೋಶಕ್ಕೆ ಸಂದೇಶ ದಾಟುತ್ತಿಲ್ಲ. ಎಕ್ಸ್ ಕ್ರೋಮೋಸೋಮಿನ ರೆಟಿನೋಸ್ಕೈಸಿಸ್‌ನಲ್ಲೂ ಈ ಆಕಾರ ಬರುತ್ತದೆ, ಅದನ್ನು ಬೇರ್ಪಡಿಸಲು ಒಸಿಟಿ ಸ್ಕ್ಯಾನ್ ಇದೆ. ಪಿಗ್ಮೆಂಟೋಸಾ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಸ್ಥಿರ ಇರುಳುಗುರುಡು ಇದ್ದಲ್ಲೇ ನಿಲ್ಲುತ್ತದೆ. ಆ ಹುಡುಗನ ಓದು, ಉದ್ಯೋಗ, ಮದುವೆ, ತಂದೆತಾಯಿಯ ನಿದ್ದೆ ಎಲ್ಲವೂ ಈ ವ್ಯತ್ಯಾಸದ ಮೇಲೆ ನಿಂತಿವೆ.

ಇಆರ್‌ಜಿಯ ಸೋದರ ಪರೀಕ್ಷೆಗಳಾದ ವಿಇಪಿ, ಇಒಜಿಗಳ ಬಗ್ಗೆ ಇಂದು ಹೆಚ್ಚು ಹೇಳುವುದಿಲ್ಲ. ದೃಷ್ಟಿನರದ ಉರಿಯೂತದಲ್ಲಿ ವಿಇಪಿ ತಡವಾಗುವುದು, ಬೆಸ್ಟ್ ಕಾಯಿಲೆಯಲ್ಲಿ ಇಒಜಿಯ ಆರ್ಡೆನ್ ಅನುಪಾತ ಕುಸಿಯುವುದು ನಿಮಗೆ ಗೊತ್ತಿರುವ ವಿಷಯ. ಆದರೆ ಪೊರೆ ದಟ್ಟವಾಗಿ ಫಂಡಸ್ ಕಾಣದಿರುವಾಗ, ಹಿಂದಿನ ಅಕ್ಷಿಪಟಲ ಕೆಲಸ ಮಾಡುತ್ತಿದೆಯೇ ಎಂದು ಇಆರ್‌ಜಿ ಹೇಳಬಲ್ಲದು. ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಗೆ ಸತ್ಯ ಹೇಳಲು ಇದರಿಂದ ಸಾಧ್ಯ.

"ರೋಗ ಗೊತ್ತಾಗಿ ಏನು ಪ್ರಯೋಜನ, ಔಷಧ ಇಲ್ಲವಲ್ಲ" ಎನ್ನುವ ಮಾತು ಈಗ ಪೂರ್ತಿ ನಿಜವಲ್ಲ. ಆರ್‌ಪಿಇ65 ಜೀನಿನ ದೋಷಕ್ಕೆ 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಬದುಕುಳಿದ ಕೋಶಗಳಿದ್ದರಷ್ಟೇ ಅದರ ಫಲ. ಬೇಗ ಪತ್ತೆಯಾಗದಿದ್ದರೆ ಆ ಬಾಗಿಲು ಮುಚ್ಚುತ್ತದೆ. ರಕ್ತಸಂಬಂಧದಲ್ಲಿ, ಸೋದರಮಾವನೊಡನೆಯೂ ಮದುವೆ ನಡೆಯುವ ನಮ್ಮ ನಾಡಿನಲ್ಲಿ ಅನುವಂಶೀಯ ಅಕ್ಷಿಪಟಲ ರೋಗಗಳನ್ನು ಪಠ್ಯಪುಸ್ತಕದ ಅಪರೂಪವೆಂದು ಬದಿಗಿಡುವಂತಿಲ್ಲ.

ಯಂತ್ರ ಕೊಂಡ ಮಾತ್ರಕ್ಕೆ ಕೆಲಸವಾಗದು. ಎಲೆಕ್ಟ್ರೋಡ್ ಸರಿದರೆ, ಮಗು ಕಣ್ಣು ಮಿಟುಕಿಸಿದರೆ, ಕತ್ತಲಲ್ಲಿ ಕೂರಿಸುವ ಸಮಯ ಕಡಿತಗೊಂಡರೆ ಬರುವ ಅಲೆ ಸುಳ್ಳು ಹೇಳುತ್ತದೆ. ಇದಕ್ಕಾಗಿಯೇ 1989ರಿಂದ ಅಂತರರಾಷ್ಟ್ರೀಯ ಮಾನದಂಡಗಳಿವೆ. ಅವನ್ನು ತಪ್ಪದೆ ಪಾಲಿಸುವ, ಅಳುವ ಮಗುವನ್ನು ಸಮಾಧಾನಪಡಿಸಿ ಮತ್ತೆ ಕೂರಿಸುವ ತಂತ್ರಜ್ಞರೇ ಈ ಪರೀಕ್ಷೆಯ ಜೀವ. ಅವರಿಗೆ ತರಬೇತಿ, ಸಂಬಳ, ಗೌರವ ಮೂರೂ ಸಲ್ಲಬೇಕು.

ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಈ ನಾಲ್ಕೂ ವಿಭಾಗಗಳಲ್ಲಿ ಬಡವರ ಕೈಗೆಟುಕುವ ಒಂದೊಂದು ಸುಸಜ್ಜಿತ ಇಆರ್‌ಜಿ ಕೇಂದ್ರ ಇರಲೇಬೇಕೆಂದು ಈ ಸಮ್ಮೇಳನ ಸರ್ಕಾರಕ್ಕೆ ನಿರ್ಣಯ ಕಳಿಸಲಿ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಇರುಳಲ್ಲಿ ತಡಕಾಡುವ ಮಗುವಿನ ಫಂಡಸ್ ಚೆನ್ನಾಗಿ ಕಂಡರೂ ಚೀಟಿಯಲ್ಲಿ 'ನಾರ್ಮಲ್' ಎಂದು ಬರೆದು ಮುಗಿಸಬೇಡಿ, ಇಆರ್‌ಜಿಗೆ ಕಳಿಸಿ.